ಕಂಬ ಎಷ್ಟು ಅದಾವ ಹೇಳ್ರಿ

ಎಲ್ಲರಿಗೂ ನಮಸ್ಕಾರ್ರಿ. ವಿಜಯಪುರದಾಗ ಇರೋರಿಗೆ, ಇಂಡಿ ಸಿಂದಗಿ ಮುದ್ದೇಬಿಹಾಳ ಕಡೆಯಿಂದ ಕೇಳೋರಿಗೆ, ಅಡಗಿಮನ್ಯಾಗ ರೊಟ್ಟಿ ಬಡಕೋತ ರೇಡಿಯೋ ಹಚ್ಚಿಕೊಂಡಿರೋ ಅಕ್ಕಾರಿಗೆ, ಮುಂದ ಪುಸ್ತಕ ತಗದಿಟ್ಟು ಕೆಳಗ ಮೊಬೈಲ್ ನೋಡಾಕತ್ತಿರೋ ಹುಡುಗರಿಗೂ. ಶುರು ಮಾಡೋಕಿಂತ ಮೊದಲ ಒಂದು ಪ್ರಶ್ನೆ ಕೇಳ್ತೀನಿ. ನಮ್ಮೂರ ಅಸಾರ್ ಮಹಲ್ ಐತೆಲ್ಲ, ಅದರ ಮುಂಭಾಗದಾಗ ದೊಡ್ಡ ದೊಡ್ಡ ಕಟ್ಟಿಗಿ ಕಂಬ ಅದಾವ, ಎಷ್ಟು ಅದಾವ? ಗೂಗಲ್ ನೋಡಬ್ಯಾಡ್ರಿ ಮತ್ತ. ಕಣ್ಣು ಮುಚ್ಚಿ ನೆನಸ್ಕೋರಿ. ಉತ್ತರ ಆಮ್ಯಾಲೆ ಹೇಳ್ತೀನಿ.

ನಾ ಹುಡುಗರಿಗೆ ಕಟ್ಟಡದ ಪಾಠ ಹೇಳೋ ಮಾಸ್ತರ. ಈಗ ನಮ್ಮ ಕಡೆ ಮಕ್ಕಳು ಭಾಳ ಮಂದಿ ಓದಾಕ ಫಾರಿನ್ನಿಗೆ ಹೊಂಟಾರ, ಅಲ್ಲಿ ಹೋಗಿ ಹಳೇ ಕಟ್ಟಡ ಹೆಂಗ ನೋಡಬೇಕು ಅಂತ ಹದಿನೈದು ನಿಮಿಷ ಮಾತಾಡ್ರಿ ಸರ್ ಅಂತ ಇಲ್ಲಿ ಕರಶ್ಯಾರ. ಹದಿನೈದು ನಿಮಿಷ ಯಾಕ ಬೇಕ್ರಿ, ಒಂದ ಮಾತು ಐತಿ: ಮೊದಲು ಕಣ್ಣಿಲೆ ನೋಡ್ರಿ, ಫೋನ್ ಆಮ್ಯಾಲೆ ತಗೀರಿ. ಮುಗೀತು. ಆದ್ರ ಈ ಮಾತು ನನಗೂ ಸುಮ್ನ ತಿಳಿಲಿಲ್ಲ, ಲಂಡನ್ನಿನ ಒಂದು ಕೋರ್ಟಿನಾಗ ಬೈಸ್ಕೊಂಡು ಕಲತೀನಿ, ಆ ಕಥಿ ಹೇಳ್ತೀನಿ.

ಆಗ ನನಗ ಇಪ್ಪತ್ತನಾಕು ವರ್ಷ. ಸ್ಕಾಲರ್‌ಶಿಪ್ ಮ್ಯಾಲ ಹೋಗಿದ್ದೆ. ನಮ್ಮ ಬ್ಯಾಚಿನಾಗ ಒಬ್ಬಾಕಿ ನೈಜೀರಿಯಾದಾಕಿ, ಒಬ್ಬಾಂವ ಶ್ರೀಲಂಕಾದಾಂವ, ಇನ್ನಿಬ್ಬರು ಅಲ್ಲೇನವರು, ನಾನೊಬ್ಬ ಬಿಜಾಪುರದ ಹುಡುಗ, ಅವ್ವ ಕಟ್ಟಿ ಕೊಟ್ಟ ಶೇಂಗಾ ಚಟ್ನಿ ಇನ್ನೂ ಖಾಲಿ ಆಗಿರಲಿಲ್ಲ. ನಮ್ಮ ಪ್ರೊಫೆಸರ್ ಒಂದಿನ ಮುಂಜಾನೆ ಏನಂದ್ರು ಅಂದ್ರ, ಇವತ್ತು ಕ್ಲಾಸಿಲ್ಲ, ಕ್ಯಾಮೆರಾ ರೂಮಿನಾಗ ಇಟ್ಟು ಬರ್ರಿ, ಒಂದು ವಹಿ ಒಂದು ಪೆನ್ಸಿಲ್ ತಗೊಂಡು ಸ್ಟ್ರಾಂಡ್ ರೋಡಿನ ಹೈಕೋರ್ಟಿಗೆ ಹೋಗ್ರಿ ಅಂದ್ರು. ಅದಕ್ಕ ರಾಯಲ್ ಕೋರ್ಟ್ಸ್ ಆಫ್ ಜಸ್ಟಿಸ್ ಅಂತಾರ. ನನಗೋ ಒಳಗ ಪುಕುಪುಕು. ನಮ್ಮ ಕಡೆ ಕೋರ್ಟ್ ಮೆಟ್ಟಲ ಹತ್ತಬಾರದು ಅಂತ ಹೇಳೇ ಬೆಳಸಿರತಾರಲ್ರಿ, ನಮ್ಮಜ್ಜ ಅಂತೂ ಕೋರ್ಟ್ ಮುಂದಿನ ರೋಡಿನಾಗ ಹೋಗೋದಿದ್ರೂ ಸುತ್ತ ಹಾಕಿ ಹೋಗಾಂವ.

ಹೊರಗ ನಿಂತು ನೋಡಿದ್ರ ನನಗ ಅದು ಚರ್ಚ್ ಅನಿಸ್ತು. ಬಿಳೀ ಕಲ್ಲು, ಚೂಪನ ಗೋಪುರ, ಕಮಾನು. ಜಾರ್ಜ್ ಎಡ್ಮಂಡ್ ಸ್ಟ್ರೀಟ್ ಅಂತ ಒಬ್ಬಾಂವ ಅದರ ಆರ್ಕಿಟೆಕ್ಟ್, ಚರ್ಚ್ ಕಟ್ಟೋದ್ರಾಗ ಪಳಗಿದಾಂವ, ಕೋರ್ಟ್ ಕಟ್ಟಂದ್ರೂ ಕೈ ಬಿಡ್ತೈತೇನ್ರಿ, ಹಂಗ ಕಟ್ಯಾನ. ಪಾಪ ಕಟ್ಟಡ ಮುಗಿಯೋದ ನೋಡ್ಲಿಲ್ಲ, 1881ರಾಗ ತೀರಿಕೊಂಡ, ಮರುವರ್ಷ 1882ರ ಡಿಸೆಂಬರ್‌ನಾಗ ವಿಕ್ಟೋರಿಯಾ ರಾಣಿ ಬಂದು ಓಪನಿಂಗ್ ಮಾಡಿದ್ಲು. ಹೊರಗ ಕಾಣೋದು ಕಲ್ಲು, ಒಳಗ ಇರೋದು ಇಟ್ಟಿಗಿ, ಸುಮಾರು ಮೂರೂವರೆ ಕೋಟಿ ಇಟ್ಟಿಗಿ ಅಂತಾರ.

ಗೇಟಿನಾಗ ಬ್ಯಾಗ್ ಚೆಕ್ ಮಾಡಿದ್ರು, ಒಳಗ ಬಿಟ್ರು, ಅಷ್ಟ. ಯಾರು ನೀವು ಯಾಕ ಬಂದ್ರಿ ಯಾರ ಕಡೆಯವರು ಅಂತ ಒಬ್ಬರೂ ಕೇಳ್ಲಿಲ್ಲ. ಒಳಗ ಹೋದ ಕೂಡ್ಲೆ ದೊಡ್ಡ ಹಾಲ್. ಉದ್ದ 238 ಅಡಿ, ಎತ್ತರ 80 ಅಡಿ. ನಮ್ಮ ಸ್ಟ್ಯಾಂಡಿನಾಗಿನ ಬಸ್ ಆರು ತಂದು ಒಂದರ ಹಿಂದೊಂದು ನಿಂದರಿಸಿದ್ರೂ ಜಾಗಾ ಉಳೀತೈತಿ. ಕೆಳಗ ಕಲ್ಲು ಕೂಡಿಸಿ ಕೂಡಿಸಿ ಮಾಡಿದ ನಕ್ಷಿ. ನಾವು ಐದೂ ಮಂದಿ ಅಲ್ಲೆ ಒಂದು ಮೂಲ್ಯಾಗ ಕುಂತು ಬರಿಯಾಕ ಶುರು ಮಾಡಿದ್ವಿ. ನಾ ಎರಡು ಗೀಟು ಎಳದೆ, ಬ್ಯಾಸರ ಬಂತು, ವರಾಂಡಾ ನೋಡ್ಕೊಂಡು ಬರ್ತೀನಿ ಅಂತ ಎದ್ದು ಹೋದೆ.

ತಪ್ಪಾಗಿದ್ದು ಅಲ್ಲೆ. ಆ ಕಟ್ಟಡದಾಗ ವರಾಂಡಾ ಒಟ್ಟು ಮೂರೂವರೆ ಮೈಲಿ ಅದಾವ, ಗೋಳಗುಮ್ಮಟದಿಂದ ಇಬ್ರಾಹಿಂ ರೋಜಾತನ ನಡದ್ರೂ ಇನ್ನೂ ಉಳೀತಾವ. ಮೆಟ್ಟಲ ಹತ್ತಿದೆ, ಇಳದೆ, ಮತ್ತ ಹತ್ತಿದೆ. ಎಲ್ಲಾ ಬಾಗಲಾನೂ ಒಂದ ನಮೂನಿ. ಕುದುರಿ ಕೂದಲಿನ ಬಿಳೀ ಟೋಪನ ಹಾಕ್ಕೊಂಡ ವಕೀಲರು ಫೈಲ್ ಹಿಡ್ಕೊಂಡು ಬುರುಬುರು ಓಡಾಡಾಕತ್ತಾರ, ಯಾರನ್ನ ಕೇಳಬೇಕು ತಿಳೀವಲ್ದು. ಕಡಿಗಿ ಇದ ಹಾಲಿಗೆ ಹೋಗೋ ಬಾಗಲಾ ಇರಬೇಕು ಅಂತ ಒಂದನ್ನ ದೂಡಿದೆ ನೋಡ್ರಿ, ಒಳಗ ಜಡ್ಜ್ ಕುಂತಾನ! ಕೇಸ್ ನಡದೈತಿ. ನಾ ಹೌಹಾರಿ ವಾಪಸ್ ಹೊಂಟೆ. ಕಪ್ಪು ಗೌನ್ ಹಾಕ್ಕೊಂಡ ಒಬ್ಬ ವಯಸ್ಸಾದಾಕಿ, ನಮ್ಮ ಕೋರ್ಟಿನ ದಲಾಯಿತ ಇದ್ದಂಗ ಅಂದ್ಕೋರಿ, ಕೈ ಸನ್ನಿ ಮಾಡಿ ಹಿಂದಿನ ಬೆಂಚ್ ತೋರಿಸಿದ್ಲು. ಕುಂದ್ರು ಅಂತ.

ಕುಂತೆ. ಕೇಸ್ ಏನೂ ಕೊಲಿ ಗಿಲಿ ಅಲ್ಲರಿ, ಯಾವುದೋ ಗೋದಾಮಿನ ಬಾಡಿಗಿ ತಕರಾರು, ನಮ್ಮ ಕಡೆ ಹೊಲದ ಬದುವಿನ ಸಂಬಂಧ ಅಣ್ಣತಮ್ಮಂದ್ರು ಹೊಡದಾಡ್ತಾರಲ್ಲ ಅಂಥಾದ್ದ. ಭಾಳ ಮೆತ್ತಗ ಮಾತಾಡಾಕತ್ತಿದ್ರು. ಜಡ್ಜ್ ಹಿಂದ ಗ್ವಾಡಿಗೆ ಕಟ್ಟಿಗಿ ಕೆತ್ತನಿ, ಮ್ಯಾಲಿನ ಕಿಟಕಿಯಿಂದ ಬಿಸಲು ಒಂದು ಪಟ್ಟಿ ಹಂಗ ಬಂದು ಕೆಳಗಿದ್ದ ಕ್ಲರ್ಕ್ ಮ್ಯಾಲ ಬಿದ್ದೈತಿ. ಇದನ್ನ ಬಿಡಬಾರದು ಅಂತ ವಹಿ ತಗದೆ, ಜಡ್ಜ್‌ನ ಮಾರಿ ಬರಿಯಾಕ ಪೆನ್ಸಿಲ್ ಇಟ್ಟೆ, ಆ ಅಜ್ಜಿ ಬಂದು ಕಿವ್ಯಾಗ ಅಂದ್ಲು, ಪೆನ್ಸಿಲ್ ಒಳಗಿಡು, ಇಲ್ಲಿ ಬರಿಯೋ ಹಂಗಿಲ್ಲ, ಬೇಕಾದಷ್ಟು ನೋಡು ಅಂತ.

ಆಮ್ಯಾಲೆ ಗೊತ್ತಾತು. ಅಲ್ಲಿ 1925ರ ಒಂದು ಕಾಯ್ದೆ ಐತಿ, ಕೋರ್ಟಿನೊಳಗ ಫೋಟೊ ತಗಿಯೋ ಹಂಗಿಲ್ಲ, ಪೇಪರಿಗೆ ಹಾಕಾಕಂತ ಒಳಗ ಕುಂತು ಜಡ್ಜ್‌ನ ಚಿತ್ರ ಬರಿಯೋ ಹಂಗೂ ಇಲ್ಲ. ಮತ್ತ ಪೇಪರ್‌ನಾಗ ಟಿವಿಯಾಗ ಕೋರ್ಟಿನ ಚಿತ್ರ ಬರ್ತಾವಲ್ಲ, ಅವು ಹೆಂಗ? ಕಲಾವಿದರು ಒಳಗ ಕುಂತು ಬರೇ ನೋಡ್ತಾರ, ಹೊರಗ ಬಂದು ನೆನಪಿನ ಮ್ಯಾಲ ಬರೀತಾರ. ಮೂಗು ಹೆಂಗಿತ್ತು, ಟೈ ಯಾವ ಬಣ್ಣ, ಯಾರು ಯಾರ ಕಡೆ ನೋಡ್ತಿದ್ರು, ಎಲ್ಲಾ ತಲ್ಯಾಗ ತುಂಬ್ಕೊಂಡು ಬರಬೇಕು. ನಾನೂ ಅವತ್ತು ಮುಕ್ಕಾಲು ತಾಸು ಬರೇ ನೋಡ್ಕೋತ ಕುಂತೆ. ಎದ್ದು ಬರೋ ಮುಂದ ಎಲ್ಲರೂ ಜಡ್ಜ್ ಕಡೆ ತಲಿ ಬಗ್ಗಿಸಿ ಬರ್ತಾರ, ನಾನೂ ಬಗ್ಗಿಸಿದೆ, ಸ್ವಲ್ಪ ಜಾಸ್ತೀನ ಬಗ್ಗಿಸಿದೆ ಕಾಣತೈತಿ, ಆ ಅಜ್ಜಿ ನಕ್ಕಳು. ಹೊರಗ ಮೆಟ್ಟಲ ಮ್ಯಾಲ ಕುಂತು ಬರದೆ. ಆ ಹಾಳಿ ಇವತ್ತಿಗೂ ನನ್ನ ಕಡೆ ಐತಿ. ಅದೇ ಊರಾಗ ಕ್ಯಾಮೆರಾದಿಂದ ಐದಾರು ರೋಲ್ ತಗದಿದ್ದೆ, ಅವು ಎಲ್ಲಿ ಹೋದುವೋ ದೇವರಿಗೇ ಗೊತ್ತು.

ಇಲ್ಲಿ ಗಾಜಿನ ಆಚೆ ನಮ್ಮ ತಮ್ಮ ಆಗಲೇ ಬಳ್ಳ ತೋರಸಾಕತ್ತಾನ, ಟೈಮ್ ಆತು ಅಂತ. ಇನ್ನೂ ಭಾಳ ಇತ್ರಿ. ಆ ಕೋರ್ಟಿನ ಹಿಂದ ಜಡ್ಜುಗಳು ಹೋಗೋ ಬಾಗಲಾದ ಮ್ಯಾಲ ಕಲ್ಲಿನಾಗ ಒಂದು ಬೆಕ್ಕು ಒಂದು ನಾಯಿ ಕೆತ್ಯಾರ, ಕೋರ್ಟಿಗೆ ಬರೋ ಎರಡೂ ಪಾರ್ಟಿ ಅಂತ ಅರ್ಥ. ಕಟ್ಟೋ ಮುಂದ ಗೌಂಡಿಗಳು ಸ್ಟ್ರೈಕ್ ಮಾಡಿದ್ರು, ಜರ್ಮನಿಯಿಂದ ಗೌಂಡಿ ಕರಸಿದ್ರು, ಅದೊಂದು ದೊಡ್ಡ ಕಥಿ, ಬಿಡ್ರಿ. ಸ್ವಲ್ಪ ದೂರದಾಗ ಓಲ್ಡ್ ಬೇಲಿ ಅಂತ ಇನ್ನೊಂದು ಕೋರ್ಟ್, 1907ರದು, ಅದರ ಗುಮ್ಮಟದ ಮ್ಯಾಲಿನ ನ್ಯಾಯದೇವತಿಗೆ ಕಣ್ಣಿಗೆ ಪಟ್ಟಿ ಇಲ್ಲ. ಹೋದೋರು ತಲಿ ಎತ್ತಿ ನೋಡ್ರಿ.

ಈಗ ಅಸಾರ್ ಮಹಲ್‌ಗೆ ಬರೋಣ. ನಾ ಯಾಕ ಕೇಳಿದೆ ಅಂದ್ರ ಅದೂ ಕೋರ್ಟ್‌ನ ರೀ! ಸುಮಾರು 1646ರಾಗ ಮಹಮ್ಮದ್ ಆದಿಲ್‌ಶಾಹ ಕಟ್ಟಿಸಿದ್ದು ನ್ಯಾಯ ಕೊಡಾಕ, ಅದರ ಮೊದಲ ಹೆಸರು ದಾದ್ ಮಹಲ್. ದಾದ್ ಅಂದ್ರ ಪಾರ್ಸಿಯಾಗ ನ್ಯಾಯ. ದಾದಿಲ್ಲ ಫಿರ್ಯಾದಿಲ್ಲ ಅಂತ ದಿನಾ ಅಂತೀವಲ್ಲ, ಅದ ದಾದ್. ಆಮ್ಯಾಲೆ ಅಲ್ಲಿ ಪೈಗಂಬರರ ಕೂದಲು ತಂದಿಟ್ರು, ಈಗ ವರ್ಷಾ ಉರುಸು ಆಗತೈತಿ. ಲಂಡನ್ನಿನ ಕೋರ್ಟಿಗಿಂತ ಇನ್ನೂರಾ ಮೂವತ್ತಾರು ವರ್ಷ ಹಿರಿದು, ನಮ್ಮ ಹುಡುಗರು ಲಂಡನ್ನಿಂದ ಫೋಟೊ ಕಳಸ್ತಾರ, ಇಲ್ಲಿ ಇದರ ಮುಂದ ಆಟೋದಾಗ ಬರ್ರಂತ ಹೋಗಿಬಿಡ್ತಾರ. ಗೋಳಗುಮ್ಮಟಕ್ಕ ಹೋಗೋದು, ಹೋ ಅಂತ ಕೂಗೋದು, ಸೆಲ್ಫಿ ಹೊಡಿಯೋದು, ಇಳಿಯೋದು. ಏನು ನೋಡಿದ್ರಿ ಅಂದ್ರ ಫೋನ್ ತಗೀತಾರ. ಫೋನ್ ನೋಡೈತಿ, ನೀವೇನು ನೋಡೀರಿ?

ಕಂಬ ನಾಲ್ಕು. ನಾಲ್ಕ ನಾಲ್ಕು ಕಟ್ಟಿಗಿ ಕಂಬ, ಅಷ್ಟು ಅಗಲದ ಮುಂಭಾಗ ಪೂರ್ತಿ ತೆರದು ಬಿಟ್ಟು ಮ್ಯಾಲಿನ ಮಾಳಗಿ ಹೊತ್ತಾವ. ನಾ ಪ್ರತಿವರ್ಷ ಹುಡುಗರನ್ನ ಅಲ್ಲಿ ಕರಕೊಂಡು ಹೋಗ್ತೀನಿ, ಫೋನ್ ಎಲ್ಲಾ ನನ್ನ ಚೀಲದಾಗ, ಅರ್ಧ ತಾಸು ನೋಡ್ರಿ ಅಂತೀನಿ, ಆಮ್ಯಾಲೆ ಹೊರಗ ಗಿಡದ ನೆರಳಾಗ ಬೆನ್ನು ತಿರುಗಿಸಿ ಕುಂದರಿಸಿ ಬರಸ್ತೀನಿ. ಆರು ಬರೀತಾರ, ಎಂಟು ಬರೀತಾರ, ಒಬ್ಬಾಂವ ಹನ್ನೆರಡು ಬರದಿದ್ದ.

ಅಲ್ಲಿ ಒಳಗ ಹೆಣ್ಣುಮಕ್ಕಳಿಗೆ ಬಿಡೋದಿಲ್ಲ. ಹಿಂಗಾಗಿ ಈ ಸಲ ನಮ್ಮ ಹುಡುಗ್ಯಾರು ಮುಂದಿನ ಹೊಂಡದ ದಂಡಿ ಮ್ಯಾಲ ನಿಂತು ನೋಡಿದ್ರು, ಹುಡುಗರು ಒಳಗ ಸುತ್ತಿ ಬಂದ್ರು. ಚಿತ್ರ ಕೂಡಿಸಿ ನೋಡಿದ್ರ ಒಳಗ ಹೋಗಿ ಬಂದೋರದು ಬರೋಬ್ಬರಿ ಆಗಿರಲಿಲ್ಲ. ಬಬಲೇಶ್ವರ ಕಡೆಯ ಒಬ್ಬ ಹುಡುಗಿ, ವರ್ಷಪೂರ್ತಿ ಕ್ಲಾಸಿನಾಗ ಬಾಯಿ ಬಿಟ್ಟಾಕಿ ಅಲ್ಲ, ಅಕೀನೂ ಎಂಟ ಬರದಿದ್ಲು. ಯಾಕವ್ವಾ ತಂಗಿ, ನೀನೂ ಎಂಟಾ ಅಂದೆ. ಸರ್ ಸರಿ ನೋಡ್ರಿ ಅಂದ್ಲು. ನಾಲ್ಕು ಮ್ಯಾಲ ನಿಂತಾವ, ನಾಲ್ಕು ಹೊಂಡದ ನೀರಾಗ ತಲಿಕೆಳಗಾಗಿ ಅದಾವ, ಒಂದಂತೂ ಗಾಳಿಗೆ ಸ್ವಲ್ಪ ಡೊಂಕಾಗೈತಿ.

ತಮ್ಮ ಎರಡೂ ಕೈ ಎತ್ತಿದ. ಬರ್ತೀನ್ರಿ, ನಮಸ್ಕಾರ.