ಚೇಳಿನ ರಾಜನ ಮುಖ

ಕೇಳುಗರಿಗೆ ನಮಸ್ಕಾರ.

ಇವತ್ತು ರಾತ್ರಿ ಒಂದು ಕೆಲಸ ಮಾಡಿ. ಕೋಣೆಯ ದೀಪ ಆರಿಸಿ, ಉರಿಯುವ ಟಾರ್ಚಿನ ಮೇಲೆ ಅಂಗೈ ಮುಚ್ಚಿ ನೋಡಿ. ಬೆರಳುಗಳ ಅಂಚು ಕೆಂಡದ ಹಾಗೆ ಕೆಂಪಗೆ ಕಾಣುತ್ತದೆ. ಕರೆಂಟು ಹೋದಾಗಲೆಲ್ಲ ಮಕ್ಕಳು ಆಡುವ ಆಟ ಇದು. ಇದಕ್ಕೂ ಈಜಿಪ್ಟಿನ ಮಮ್ಮಿಗೂ ಏನು ಸಂಬಂಧ ಅಂತೀರಾ? ಸ್ವಲ್ಪ ತಾಳಿ, ಅಲ್ಲಿಗೇ ಬರುತ್ತೇನೆ.

2001ರ ಮೇ ತಿಂಗಳಲ್ಲಿ ‘ದಿ ಮಮ್ಮಿ ರಿಟರ್ನ್ಸ್’ ತೆರೆಗೆ ಬಂತು. ಎರಡು ವರ್ಷ ಹಿಂದೆ ಬಂದಿದ್ದ ‘ದಿ ಮಮ್ಮಿ’ಯ ಮುಂದಿನ ಭಾಗ. ಎರಡಕ್ಕೂ ನಿರ್ದೇಶಕರು ಸ್ಟೀಫನ್ ಸಾಮರ್ಸ್. ಮೊದಲ ಭಾಗದಲ್ಲಿ ಜಗಳವಾಡುತ್ತಲೇ ಹತ್ತಿರವಾದ ಬ್ರೆಂಡನ್ ಫ್ರೇಸರ್, ರೇಚಲ್ ವೈಸ್ ಜೋಡಿ ಇಲ್ಲಿ ಗಂಡ ಹೆಂಡತಿ. ಜೊತೆಗೊಬ್ಬ ತರಲೆ ಮಗ. ಕಥೆ ನಡೆಯುವುದು 1933ರಲ್ಲಿ. ಆ ಹುಡುಗ ಸುಮ್ನೆ ಇರಲಾರದೆ ಹಳೇ ಚಿನ್ನದ ಕಡಗವೊಂದನ್ನು ಕೈಗೆ ಹಾಕಿಕೊಳ್ಳುತ್ತಾನೆ. ಅದು ಬಿಚ್ಚಲು ಬರುವುದಿಲ್ಲ. ಏಳು ದಿನದೊಳಗೆ ಮರಳುಗಾಡಿನ ನಡುವೆ ಇರುವ ಒಂದು ಪಿರಮಿಡ್ ಸೇರದಿದ್ದರೆ ಅವನು ಉಳಿಯುವುದಿಲ್ಲ. ವೈರಿಗಳು ಅವನನ್ನು ಹೊತ್ತೊಯ್ಯುತ್ತಾರೆ, ಅಪ್ಪ ಅಮ್ಮ ಬೆನ್ನು ಹತ್ತುತ್ತಾರೆ. ಕಥೆ ಅಂತ ಇರುವುದು ಇಷ್ಟೇ. ಮಿಕ್ಕಿದ್ದೆಲ್ಲ ಓಟ.

ಆ ಓಟ ಮಾತ್ರ ಭರ್ಜರಿಯಾಗಿದೆ. ಲಂಡನ್ನಿನ ಕತ್ತಲೆಯಲ್ಲಿ ಡಬಲ್ ಡೆಕ್ಕರ್ ಬಸ್ಸೊಂದು ಓಡುತ್ತಿದ್ದರೆ, ಮಮ್ಮಿಗಳು ಗೋಡೆಯ ಮೇಲೆ ಹಲ್ಲಿಗಳ ಹಾಗೆ ಅಡ್ಡಡ್ಡ ಓಡಿಬಂದು ಅದರ ಮೇಲೆ ಹಾರುತ್ತವೆ. ಆಮೇಲೆ ಕಣಿವೆಯಲ್ಲಿ ಎತ್ತರದ ನೀರಿನ ಗೋಡೆ ಎದ್ದು ನಿಲ್ಲುತ್ತದೆ, ಅದರೊಳಗೆ ಖಳ ಇಮ್ಹೋಟೆಪ್‌ನ ಮುಖ.

ನಾನು ಇದನ್ನು ಮೊದಲು ನೋಡಿದ್ದು ಗೆಳೆಯನ ಮನೆಯಲ್ಲಿ, ಬಾಡಿಗೆಗೆ ತಂದ ವಿಸಿಡಿಯಲ್ಲಿ. ಎರಡು ಡಿಸ್ಕು. ಎರಡನೆಯದಕ್ಕೆ ಗೀರು ಬಿದ್ದಿತ್ತು. ಕೊನೆಯಲ್ಲಿ ಈ ಕಥೆಯ ಪುರಾತನ ಯೋಧ, ಚೇಳಿನ ರಾಜ ಹೊರಗೆ ಬಂದ ನೋಡಿ, ಚಿತ್ರ ಸರಿಯಾಗಿ ಅಲ್ಲೇ ತಡವರಿಸಿತು. ಸೊಂಟದಿಂದ ಕೆಳಗೆ ದೈತ್ಯ ಚೇಳು, ಮೇಲೆ ಮನುಷ್ಯ. ಮುಖ ಮಾತ್ರ ಮೇಣ ಸವರಿದ ಹಾಗೆ. ಡಿಸ್ಕು ಕೆಟ್ಟಿದೆ ಅಂತ ಅಂಗಿಯ ಅಂಚಿನಿಂದ ಒರೆಸಿ ಒರೆಸಿ ಹಾಕಿದೆವು. ಎಷ್ಟೋ ವರ್ಷದ ಮೇಲೆ ಒಳ್ಳೆಯ ಪ್ರತಿ ನೋಡಿದಾಗ ಗೊತ್ತಾಯಿತು: ಡಿಸ್ಕಿನ ತಪ್ಪಲ್ಲ, ಮುಖವೇ ಹಾಗಿತ್ತು!

ಆ ಪಾತ್ರ ಕುಸ್ತಿಯ ‘ದಿ ರಾಕ್’, ಅಂದರೆ ಡ್ವೇನ್ ಜಾನ್ಸನ್ ಅವರದು. ಅದು ಅವರ ಮೊದಲ ಚಲನಚಿತ್ರ. ಚಿತ್ರದ ಆರಂಭದಲ್ಲಿ ಅವರೇ ಬಂದು ಕತ್ತಿ ಬೀಸುತ್ತಾರೆ. ಕೊನೆಯಲ್ಲಿ ಬರುವುದು ಕಂಪ್ಯೂಟರಿನಲ್ಲಿ ಮಾಡಿದ ಬೊಂಬೆ. ಮಾಡಿದವರೇನು ಸಣ್ಣವರಲ್ಲ, ಹಾಲಿವುಡ್ಡಿನ ಹೆಸರಾಂತ ಗ್ರಾಫಿಕ್ಸ್ ಸಂಸ್ಥೆ ಇಂಡಸ್ಟ್ರಿಯಲ್ ಲೈಟ್ ಅಂಡ್ ಮ್ಯಾಜಿಕ್‌ನವರು. ಅದೇ ಚಿತ್ರದಲ್ಲಿ ಅನುಬಿಸ್ ದೇವರ ನರಿ ತಲೆಯ ಸೈನ್ಯ ಮರಳಿನಿಂದ ಏಳುವುದನ್ನು ನಾವು ಒಪ್ಪಿಕೊಂಡೇ ನೋಡುತ್ತೇವೆ. ಯಾಕೆ? ನರಿ ತಲೆಯ ಸಿಪಾಯಿ ಹೇಗೆ ನಡೆಯುತ್ತಾನೆ ಅಂತ ಯಾರು ಕಂಡಿದ್ದಾರೆ? ಆದರೆ ಮನುಷ್ಯನ ಮುಖವನ್ನು ನಾವು ತೊಟ್ಟಿಲಿನಿಂದ ನೋಡುತ್ತಾ ಬಂದಿದ್ದೇವೆ. ಅಲ್ಲಿ ಕೂದಲೆಳೆಯಷ್ಟು ಹೆಚ್ಚು ಕಡಿಮೆಯಾದರೂ ಮನಸ್ಸು ಒಪ್ಪುವುದಿಲ್ಲ.

ಈಗ ಟಾರ್ಚಿಗೆ ಬರೋಣ. ಚರ್ಮದ ಮೇಲೆ ಬಿದ್ದ ಬೆಳಕು ಕಲ್ಲಿನ ಮೇಲೆ ಬಿದ್ದಂತೆ ಹಾಗೇ ಹಿಂದಿರುಗುವುದಿಲ್ಲ. ಬಹುಪಾಲು ಒಳಗೆ ಇಳಿಯುತ್ತದೆ, ಅಲ್ಲೇ ಚದುರಿ, ಕೆಂಪಾಗಿ, ಬೇರೆ ಕಡೆಯಿಂದ ಹೊರಗೆ ಬರುತ್ತದೆ. ಮುಖಕ್ಕೆ ಜೀವಕಳೆ ಬರುವುದರಲ್ಲಿ ಇದರ ಪಾಲು ದೊಡ್ಡದು. ಕಂಪ್ಯೂಟರಿಗೆ ಈ ಲೆಕ್ಕ ಕಲಿಸದಿದ್ದರೆ ಚರ್ಮ ಪ್ಲಾಸ್ಟಿಕ್ ಆಗುತ್ತದೆ. ತಮಾಷೆ ಏನೆಂದರೆ, ಈ ಲೆಕ್ಕವನ್ನು ಸುಲಭವಾಗಿ ಮಾಡುವ ದಾರಿ ತೋರಿಸಿದ ಹೆಸರಾಂತ ಪ್ರಬಂಧ ಹೊರಬಂದದ್ದು ಅದೇ 2001ರ ಆಗಸ್ಟಿನಲ್ಲಿ. ಚಿತ್ರ ಬಿಡುಗಡೆಯಾಗಿ ಮೂರು ತಿಂಗಳಿಗೆ! ಮರುವರ್ಷ ‘ಲಾರ್ಡ್ ಆಫ್ ದಿ ರಿಂಗ್ಸ್’ನ ಎರಡನೇ ಭಾಗದಲ್ಲಿ ಕಂಪ್ಯೂಟರಿನಲ್ಲೇ ಮಾಡಿದ ಗೊಲ್ಲಮ್ ಬಂದ. ಅವನ ಚರ್ಮಕ್ಕೆ ಈ ಬಗೆಯ ಲೆಕ್ಕ ಹಾಕಿದ್ದರು. ಆ ಒಣಕಲು ಪ್ರಾಣಿಯನ್ನು ನೋಡಿ ಜನ ಅಯ್ಯೋ ಪಾಪ ಅಂದರು.

ಆದರೆ ಜನ ‘ದಿ ಮಮ್ಮಿ ರಿಟರ್ನ್ಸ್’ ಅನ್ನೂ ಕೈಬಿಡಲಿಲ್ಲ. ಸುಮಾರು 10 ಕೋಟಿ ಡಾಲರ್ ಹಾಕಿ 43 ಕೋಟಿಗೂ ಜಾಸ್ತಿ ತೆಗೆದ ಚಿತ್ರ ಇದು. 2002ರಲ್ಲಿ ಚೇಳಿನ ರಾಜನಿಗೆ ತನ್ನದೇ ಒಂದು ಸಿನಿಮಾ ಸಿಕ್ಕಿತು.

ನನ್ನ ತಕರಾರು ಗ್ರಾಫಿಕ್ಸಿನ ಮೇಲಲ್ಲ. ಪಾಪ, ಈಜಿಪ್ಟಿನವರ ಒಳ್ಳೆಯವರನ್ನೆಲ್ಲ ಇವರು ಖಳರನ್ನಾಗಿ ಮಾಡಿಬಿಟ್ಟರಲ್ಲ, ಅದರ ಮೇಲೆ. ಸಗಣಿ ಹುಳವನ್ನೇ ತಗೊಳ್ಳಿ. ಉಂಡೆ ಉರುಳಿಸಿಕೊಂಡು ಹೋಗುವ ಆ ಬಡಪಾಯಿಯಲ್ಲಿ ಅವರು ಮುಂಜಾನೆಯ ಸೂರ್ಯನನ್ನು ಕಂಡರು. ಮೊದಲ ಚಿತ್ರದಲ್ಲಿ ಅದು ಮನುಷ್ಯರನ್ನು ತಿನ್ನುತ್ತದೆ. ಅನುಬಿಸ್ ಶವಗಳನ್ನು ಕಾಯುವ ದೇವರು. ಇಲ್ಲಿ ಅವನು ಚೇಳಿನ ರಾಜನ ಆತ್ಮ ಒತ್ತೆಯಿಟ್ಟುಕೊಂಡು ಸೈನ್ಯ ಕೊಡುತ್ತಾನೆ. ಇನ್ನು ಖಳ ಇಮ್ಹೋಟೆಪ್. ನಿಜವಾದ ಇಮ್ಹೋಟೆಪ್ ದೊರೆ ಜೋಸರನ ಮಂತ್ರಿ. ಸಕ್ಕಾರದ ಮೆಟ್ಟಿಲು ಪಿರಮಿಡ್ ಅವನ ಕೆಲಸ ಅಂತ ಹೇಳುತ್ತಾರೆ. ಮುಂದೆ ಜನ ಅವನನ್ನು ಕಾಯಿಲೆ ವಾಸಿ ಮಾಡುವ ದೇವರೆಂದು ಪೂಜಿಸಿದರು. ಈ ಚಿತ್ರದಲ್ಲಿ ಅವನು ಓಡುವುದು ಕ್ರಿಸ್ತಪೂರ್ವ 3067ರ ಕಾಲದ ಪಿರಮಿಡ್ಡಿನ ಕಡೆಗೆ. ಈಜಿಪ್ಟಿನ ಮೊದಲ ಪಿರಮಿಡ್ ಅವನೇ ಕಟ್ಟಬೇಕಾದರೆ ಇನ್ನೂ 400 ವರ್ಷ ಹೋಗಬೇಕಿತ್ತು!

ಚೇಳಿನ ರಾಜನೂ ಪೂರ್ತಿ ಕಟ್ಟುಕಥೆಯಲ್ಲ. ಹಿಯೆರಾಕಾನ್‌ಪೊಲಿಸ್ ಎಂಬ ಊರಿನ ದೇವಾಲಯದ ಅಗೆತದಲ್ಲಿ, 1890ರ ದಶಕದ ಕೊನೆಗೆ, ಸುಣ್ಣದಕಲ್ಲಿನ ಒಂದು ಗದೆಯ ತಲೆ ಸಿಕ್ಕಿತು. ಒಂದು ಗೇಣಿಗಿಂತ ಸ್ವಲ್ಪ ಉದ್ದ ಅಷ್ಟೇ. ಈಗ ಆಕ್ಸ್‌ಫರ್ಡಿನ ಆಶ್ಮೋಲಿಯನ್ ಸಂಗ್ರಹಾಲಯದಲ್ಲಿದೆ. ಅದರ ಮೇಲೆ ಉದ್ದ ಕಿರೀಟದ ರಾಜ ನಿಂತಿದ್ದಾನೆ. ಮುಖದ ಎದುರು ಒಂದು ಹೂವು, ಒಂದು ಚೇಳು. ಆ ಚೇಳು ಅವನ ಹೆಸರು. ಬಾಲವೂ ಅಲ್ಲ, ಕೊಂಡಿಯೂ ಅಲ್ಲ. ಹಿಂದೆ ಬೀಸಣಿಗೆ ಹಿಡಿದವರು, ಮುಂದೆ ಬುಟ್ಟಿ ಹಿಡಿದು ಬಗ್ಗಿದವನೊಬ್ಬ, ಕಾಲ ಕೆಳಗೆ ನೀರು. ಕಾಲುವೆಯ ಕೆಲಸ ಇರಬೇಕು ಅನ್ನುತ್ತಾರೆ ಬಲ್ಲವರು.

ರಾಜನ ಕೈಯಲ್ಲಿ ಕತ್ತಿ ಇಲ್ಲ. ಎರಡೂ ಕೈಯಲ್ಲಿ ಹಿಡಿದಿರುವುದು ಒಂದು ಗುದ್ದಲಿ.

ನಮಸ್ಕಾರ.