ಅಡುಗೆಮನೆಯ ಜೀರುಂಡೆ

ಒಂದ್ ಹತ್ತು ಸೆಕೆಂಡ್ ನಾನು ಮಾತಾಡಲ್ಲ. ಹೆಡ್‌ಫೋನ್ ಇದ್ರೆ ಹಾಕ್ಕೊಳಿ.

ಕೇಳಿಸ್ತಾ? ಮಳೆ ಸದ್ದಿನ ಹಿಂದೆ, ಸಣ್ಣಕೆ, ಕ್ರೀ... ಕ್ರೀ... ಅಂತ. ಇದು ತೀರ್ಥಹಳ್ಳಿ ಹತ್ರ ನನ್ನ ತವರುಮನೆ. ಆಷಾಢ, ರಾತ್ರಿ 11 ಗಂಟೆ. ಹಂಚಿನ ಮೇಲೆ ಬೀಳೋ ನೀರು ಬಿಟ್ರೆ ಬೇರೆ ಸದ್ದೇ ಇರಬಾರದ ಹೊತ್ತು. ಅಮ್ಮ ಎರಡು ದಿನದಿಂದ ಈ ಜೀರುಂಡೆನ ಹುಡುಕ್ತಿದ್ಲು. ಮಳೆಗಾಲದಲ್ಲಿ ಒಂದಲ್ಲ ಒಂದು ಒಳಗೆ ನುಗ್ಗೋದು ನಮ್ಮಲ್ಲಿ ಮಾಮೂಲು. ಒಲೆ ಸಂದಿ ನೋಡಿದ್ಲು, ಅಕ್ಕಿ ಡಬ್ಬ ಸರಿಸಿದ್ಲು, ಪೊರಕೆ ತಗೊಂಡು ಫ್ರಿಜ್ ಹಿಂದೆನೂ ಬಡಿದ್ಲು. ಹತ್ರ ಹೋದ್ರೆ ಜೀರುಂಡೆ ಸುಮ್ನಾಗುತ್ತಲ್ಲ, ಇದೂ ಹಾಗೇ. ಹಾಲು ತೆಗೆಯೋಕೆ ಅಂತ ಫ್ರಿಜ್ ಬಾಗಿಲು ತೆಗೆದ್ರೆ ಗಪ್‌ಚುಪ್. ಬಂದು ಮಲಗಿದ್ರೆ ಮತ್ತೆ ಶುರು.

"ಎಂಥ ಬುದ್ಧಿವಂತ ಜೀರುಂಡೆ ಮಾರಾಯ್ತಿ, ನಾ ಬರೋದು ಅದಕ್ಕೆ ಗೊತ್ತಾಗ್ತದೆ" ಅಂತ ಫೋನಲ್ಲಿ ಹೇಳಿದ್ಲು. ನಾನೂ ನಕ್ಕು ಫೋನಿಟ್ಟೆ.

ಮೂರನೇ ದಿನ ದೋಸೆ ಹಿಟ್ಟು ಉಕ್ಕಿತು. ಹೊರಗಡೆ ಅಲ್ಲ, ಫ್ರಿಜ್ ಒಳಗೆ. ಮಲೆನಾಡಿನ ಮಳೆಗಾಲದಲ್ಲಿ ಹೊರಗಿಟ್ಟ ಹಿಟ್ಟೇ ಹುಳಿ ಬರೋಕೆ ಸತಾಯಿಸುತ್ತೆ, ಫ್ರಿಜ್‌ನಲ್ಲಿಟ್ಟಿದ್ದು ಉಕ್ಕಿ ಕೆಳಗಿನ ತರಕಾರಿ ಡಬ್ಬಕ್ಕೆ ಇಳಿದಿದೆ ಅಂದ್ರೆ ಏನೋ ಕೆಟ್ಟಿದೆ ಅಂತಲೇ ಅರ್ಥ. ಬೆಣ್ಣೆಗೆ ಅಂತ ಕೂಡಿಡ್ತಿದ್ದ ಕೆನೆನೂ ವಾಸನೆ. ಆದ್ರೆ ಮೇಲೆ ಫ್ರೀಜರ್‌ನಲ್ಲಿ ಐಸ್ ಗಟ್ಟಿಯಾಗೇ ಇದೆ. ಊರಲ್ಲಿ ರಿಪೇರಿ ಮಾಡೋ ಒಬ್ಬರಿಗೆ ಫೋನ್ ಮಾಡಿದ್ರೆ, ನೋಡದೇನೇ "ಗ್ಯಾಸ್ ಹೋಗಿದೆ, ಮೂರೂವರೆ ಸಾವಿರ ಆಗುತ್ತೆ" ಅಂದ್ರಂತೆ. ಪಕ್ಕದ ಮನೆಯವರು "ಹತ್ತು ವರ್ಷ ಆಯ್ತಲ್ಲ, ಹೊಸದು ತಗೊಳಿ" ಅಂದ್ರು. ಗ್ಯಾಸ್ ಪೂರ್ತಿ ಹೋಗಿದ್ರೆ ಮೇಲೆ ಐಸ್ ಎಲ್ಲಿಂದ ಬರುತ್ತೆ ಅಂತ ಯಾರೂ ಕೇಳಲಿಲ್ಲ. ನಾನು ಶನಿವಾರ ಬ್ಯಾಗಿಗೆ ಸ್ಕ್ರೂಡ್ರೈವರ್ ಹಾಕ್ಕೊಂಡು ಶಿವಮೊಗ್ಗದಿಂದ ಬಸ್ ಹತ್ತಿದೆ.

ಈ ಶಾಟ್ ಅಲುಗಾಡ್ತಿದೆ, ಕ್ಷಮಿಸಿ. ಮೊಬೈಲ್ ಹಿಡ್ಕೊಂಡಿದ್ದು ಅಮ್ಮ.

ನೋಡಿ, ಇದು ಎರಡು ಬಾಗಿಲಿನ ಫ್ರಾಸ್ಟ್ ಫ್ರೀ ಫ್ರಿಜ್. ಒಂದೇ ಬಾಗಿಲಿನ ಹಳೇ ನಮೂನೆ ಫ್ರಿಜ್‌ನಲ್ಲಿ ಫ್ರೀಜರ್ ಡಬ್ಬಿನೇ ತಣ್ಣಗಾಗಿ, ಆ ತಣ್ಣನೆ ಗಾಳಿ ತಾನಾಗೇ ಕೆಳಗಿಳಿಯುತ್ತೆ. ಅಲ್ಲಿ ಫ್ಯಾನಿಲ್ಲ. ಐಸ್ ಕಟ್ಟಿದ್ರೆ ನಾವೇ ಗುಂಡಿ ಒತ್ತಿ ಕರಗಿಸಬೇಕು. ಇದರಲ್ಲಿ ಹಾಗಲ್ಲ. ತಣ್ಣಗಾಗೋದು ಒಂದೇ ಜಾಗದಲ್ಲಿ, ಫ್ರೀಜರಿನ ಹಿಂದಿನ ಪ್ಲಾಸ್ಟಿಕ್ ಗೋಡೆ ಆಚೆ ಇರೋ ಅಲ್ಯೂಮಿನಿಯಂ ಕಾಯಿಲ್‌ನಲ್ಲಿ. ಆ ಗಾಳಿನ ಎಳೆದು ಫ್ರೀಜರಿಗೂ ತಳ್ಳಿ, ಒಂದು ಕೊಳವೆ ದಾರಿಲಿ ಕೆಳಗೂ ಕಳಿಸೋದು ಅಂಗೈ ಅಗಲದ ಒಂದು ಫ್ಯಾನು. ಫ್ಯಾನ್ ನಿಧಾನ ಆಯ್ತು ಅಂದ್ರೆ ತಂಪು ಹುಟ್ಟಿದ ಜಾಗದಲ್ಲೇ ಕೂತಿರುತ್ತೆ. ಮೇಲೆ ಐಸು, ಕೆಳಗೆ ಹಿಟ್ಟು ಉಕ್ಕೋದು. ಕಂಪ್ರೆಸರ್ ಪಾಪ ಹಿಂದೆ ಬಿಡದೆ ದುಡೀತಿರುತ್ತೆ. ಫ್ರೀಜರ್ ಕೆಳಗಿನ ಭಾಗದಲ್ಲಿ, ತಟ್ಟೆ ಮೇಲೆ ಒಂದು ಲೋಟ ನೀರಿಟ್ಟು ಥರ್ಮಾಮೀಟರ್ ಮುಳುಗಿಸಿದ್ದೆ, 14 ಡಿಗ್ರಿ ತೋರಿಸ್ತು. ಇರಬೇಕಾಗಿದ್ದು 4-5.

ಇನ್ನು ಬಾಗಿಲು ತೆಗೆದ ಕೂಡಲೇ ಸುಮ್ನಾಗೋ ಜೀರುಂಡೆ ಗುಟ್ಟು. ಇಲ್ಲಿ, ಚೌಕಟ್ಟಿನ ಅಂಚಲ್ಲಿ, ಈ ಬಿಳಿ ಗುಂಡಿ ಕಾಣ್ತಿದ್ಯಾ? ಬಾಗಿಲು ತೆಗೆದ್ರೆ ಇದು ಹೊರಗೆ ಬರುತ್ತೆ, ಫ್ಯಾನ್ ನಿಲ್ಲುತ್ತೆ. ತಣ್ಣನೆ ಗಾಳಿ ಸುಮ್ನೆ ಅಡುಗೆಮನೆಗೆ ಹೋಗಬಾರದಲ್ಲ, ಅದಕ್ಕೆ. ಬಾಗಿಲು ತೆಗೆದಾಗ ನಿಂತು, ಗುಂಡಿ ಬೆರಳಲ್ಲಿ ಒತ್ತಿದ್ರೆ ಮತ್ತೆ ಬರೋ ಸದ್ದು ಕಂಪ್ರೆಸರ್‌ದಲ್ಲ, ಒಳಗಿನ ಫ್ಯಾನಿಂದು. ಅಮ್ಮ ಎರಡು ದಿನದಿಂದ ಕಾಯಿಲೆನ ಸರಿಯಾಗೇ ಹೇಳ್ತಿದ್ಲು, ನಾನು ಕೇಳಿಸ್ಕೊಂಡಿರಲಿಲ್ಲ ಅಷ್ಟೆ.

ಪ್ಲಗ್ ಕಿತ್ತು, ಎಲ್ಲ ಖಾಲಿ ಮಾಡಿದ್ವಿ. ನೀರಲ್ಲಿ ನೆನೆಸಿಟ್ಟ ಕಳಲೆ, ಯಾರದೋ ಮದ್ವೆ ಮನೆ ಲಾಡು, ಹೆಸರು ಗೊತ್ತಿಲ್ಲದ ಮೂರು ಡಬ್ಬಿ. ಆಮೇಲೆ ಐಸ್. ಪ್ಯಾನೆಲ್, ಅಂದ್ರೆ ಆ ಹಿಂದಿನ ಪ್ಲಾಸ್ಟಿಕ್ ಗೋಡೆ, ಅದರ ಅಂಚಿನ ತುಂಬ ಹಿಮ ಮೆತ್ತಿಕೊಂಡು ಅಲ್ಲಾಡಿಸೋಕೂ ಆಗ್ತಿರಲಿಲ್ಲ. ಇಂಥ ಹೊತ್ತಲ್ಲಿ ಕೈ ತಾನಾಗೇ ಚಾಕು ಕಡೆ ಹೋಗುತ್ತೆ. ದಯವಿಟ್ಟು ಬೇಡ. ಆ ಕಾಯಿಲ್ ತೆಳು ಅಲ್ಯೂಮಿನಿಯಂ, ಒಂದು ಚುಚ್ಚು ಬಿದ್ರೆ ಆವಾಗ ನಿಜವಾಗ್ಲೂ ಗ್ಯಾಸ್ ಹೋಗುತ್ತೆ. ಈಗಿನ ಎಷ್ಟೋ ಫ್ರಿಜ್‌ಗಳಲ್ಲಿರೋದು ಐಸೋಬ್ಯುಟೇನ್, ಅಂದ್ರೆ ಬೆಂಕಿ ಹತ್ತೋ ಅನಿಲ. ನಮ್ಮಲ್ಲಿ ಚಾಕುಗಿಂತ ಒಳ್ಳೆ ಆಯುಧ ಇದೆ: ಬಚ್ಚಲು ಹಂಡೆ. ಬೆಳಗಿನ ಜಾವದಿಂದ ಉರಿ ಹಾಕಿರ್ತಾರೆ, ನೀರು ಕುದೀತಿರುತ್ತೆ. ಒಂದು ಪಾತ್ರೆ ಬಿಸಿನೀರು ತಂದು, ಫ್ರೀಜರ್ ಒಳಗೆ ಮಣೆ ಇಟ್ಟು ಅದರ ಮೇಲೆ ಪಾತ್ರೆ ಇಟ್ಟು ಬಾಗಿಲು ಮುಚ್ಚಿದ್ವಿ. ಆರಿದ ಮೇಲೆ ಇನ್ನೊಂದು. ನಾಲ್ಕು ಪಾತ್ರೆ, ಎರಡು ಗಂಟೆ, ನೆಲದ ತುಂಬ ಹಳೇ ಪಂಚೆ.

ಎರಡು ಸ್ಕ್ರೂ, ಮೇಲೆ ಸಣ್ಣ ಪ್ಲಾಸ್ಟಿಕ್ ಮುಚ್ಚಳ ಇರೋದ್ರಿಂದ ಹುಡುಕಬೇಕಾಯ್ತು. ಪ್ಯಾನೆಲ್ ಮುಂದಕ್ಕೆ ಬಂತು, ಹಿಂದೆ ಥರ್ಮೋಕೋಲ್, ಅದರ ಹಿಂದೆ ಕಾಯಿಲ್, ಮೇಲೆ ಫ್ಯಾನ್. ವೈರ್ ಕನೆಕ್ಟರ್ ಬಿಚ್ಚೋ ಮುಂಚೆ ಫೋಟೋ ತೆಗೆದಿಟ್ಕೊಂಡೆ, ಇಲ್ದಿದ್ರೆ ಸಂಜೆ ಹೊತ್ತಿಗೆ ಎಲ್ಲ ಮರೆತಿರುತ್ತೆ.

ಈಗ ಇದನ್ನ ಹತ್ತಿರದಿಂದ ನೋಡಿ. ಬೆರಳಲ್ಲಿ ರೆಕ್ಕೆ ತಳ್ತೀನಿ. ಒಳ್ಳೆ ಮೋಟರ್ ಆಗಿದ್ರೆ ನಾಲ್ಕಾರು ಸುತ್ತು ಆರಾಮಾಗಿ ತಿರುಗ್ತಿತ್ತು. ಇದು ಅರ್ಧ ಸುತ್ತು ಬಂದು, ಕುಂಟಿ, ನಿಂತೇ ಹೋಯ್ತು. ಈಗ ರೆಕ್ಕೆ ಕೂತಿರೋ ಮೋಟರಿನ ಕಡ್ಡಿನ ಅಡ್ಡಡ್ಡ ಅಲ್ಲಾಡಿಸ್ತೀನಿ, ಕಟ್ಟು ಸಡಿಲಾದ ಹಾರೆ ಥರ ಹೇಗೆ ಆಡ್ತಿದೆ ನೋಡಿ. ಬುಶ್ ಸವೆದಿದೆ. ಈ ಮೋಟರಲ್ಲಿ ಬಾಲ್ ಬೇರಿಂಗ್ ಇಲ್ಲ. ಕಡ್ಡಿ ತಿರುಗೋದು ಒಂದು ಲೋಹದ ಬಳೆ ಒಳಗೆ, ಅದೇ ಬುಶ್, ಆ ಬಳೆ ಸುತ್ತ ಎಣ್ಣೆ ಕುಡಿದಿರೋ ಫೆಲ್ಟ್ ಬಟ್ಟೆ ಉಂಗುರ. ಹೊಸದಿದ್ದಾಗ ಈ ಫೆಲ್ಟ್ ಒದ್ದೆಯಾಗಿ ಮೆತ್ತಗಿರುತ್ತೆ. ಇದನ್ನ ಮುಟ್ಟಿದ್ರೆ ಒಣಗಿದ ಅಡಿಕೆ ಸಿಪ್ಪೆ. ಕಡ್ಡಿ ಮೇಲೆ ಕಂದು ಬಣ್ಣದ ಅಂಟು, ಉಗುರಿಂದ ಕೆರೆದ್ರೆ ಮೇಣದ ಥರ ಬರ್ತಿದೆ. ದಿನಕ್ಕೆ ಎಷ್ಟೋ ಗಂಟೆ, ಸೊನ್ನೆಗಿಂತ ಕೆಳಗಿನ ಚಳಿಲಿ, ತೇವದಲ್ಲಿ, ಹತ್ತು ವರ್ಷ ತಿರುಗಿದೆ. ಬೈಯೋ ಹಾಗಿಲ್ಲ.

ಅಮ್ಮ ಕ್ಯಾಮೆರಾ ಹಿಂದಿನಿಂದ "ಒಂದು ಹನಿ ತೆಂಗಿನೆಣ್ಣೆ ಬಿಡು" ಅಂದ್ಲು. ತೆಂಗಿನೆಣ್ಣೆ 24 ಡಿಗ್ರಿ ಹತ್ರ ಬಂದ್ರೇ ಗಟ್ಟಿಯಾಗೋಕೆ ಶುರು. ಧನುರ್ಮಾಸದಲ್ಲಿ ತಲೆಗೆ ಹಚ್ಚೋಕೆ ಬಾಟಲಿನ ಒಲೆ ಹತ್ರ ಇಡೋದು ಅವಳೇ. ಫ್ರೀಜರ್ ಒಳಗೆ ಅದು ಗಾರೆ ಆಗುತ್ತೆ. ನಾನು ಹೊಲಿಗೆ ಮಷೀನ್ ಎಣ್ಣೆ ಎರಡು ಹನಿ ಹಾಕಿ ಜೋಡಿಸಿದೆ. ಸದ್ದು ನಿಂತಿತು! ಅಮ್ಮನ ಮುಂದೆ ಎಂಜಿನಿಯರ್ ಥರ ಓಡಾಡಿ ಭಾನುವಾರ ಶಿವಮೊಗ್ಗಕ್ಕೆ ವಾಪಸ್. ಎಂಟನೇ ದಿನಕ್ಕೆ ಫೋನ್ ಬಂತು. "ಅದು ಮತ್ತೆ ಬಂದಿದೆ." ಬುಶ್ ಸವೆದ ಮೇಲೆ ಎಣ್ಣೆ ಒಂದು ವಾರದ ಸಮಾಧಾನ, ಅಷ್ಟೇ. ಸವೆದ ಲೋಹನ ಎಣ್ಣೆ ತುಂಬಿಕೊಡಲ್ಲ.

ಮತ್ತೆ ಹೋದೆ. ಮತ್ತೆ ಹಂಡೆ ನೀರು, ಮತ್ತೆ ಪಂಚೆ. ಈ ಸಲ ಮೋಟರ್ ಬಿಚ್ಚಿ ಕೈಚೀಲಕ್ಕೆ ಹಾಕ್ಕೊಂಡು ಬೆಳಗಿನ ಬಸ್ಸಿಗೆ ಶಿವಮೊಗ್ಗ. ಇದು ಮಂಡಗದ್ದೆ, ಕಿಟಕಿ ಗಾಜಿನ ಮೇಲೆ ನೀರಿರೋದ್ರಿಂದ ಮಸುಕು. ತುಂಗೆ ತುಂಬಿ ಹರೀತಿದೆ, ನಡುಗಡ್ಡೆ ಮರಗಳು ಅರ್ಧ ನೀರೊಳಗೆ, ಮೇಲೆ ಬೆಳ್ಳಗೆ ಕಾಣ್ತಿರೋದೆಲ್ಲ ಗೂಡು ಕಟ್ಟಿರೋ ಬೆಳ್ಳಕ್ಕಿ. ಮುಂದೆ ಸಕ್ರೆಬೈಲು, ಗಾಜನೂರು. 60 ಕಿಲೋಮೀಟರಿಗೆ ಸ್ವಲ್ಪ ಜಾಸ್ತಿ ದಾರಿ, ತೊಡೆ ಮೇಲೆ ಒಂದು ಸತ್ತ ಮೋಟರ್.

ಗಾಂಧಿ ಬಜಾರ್ ಕಡೆ ಒಂದು ಸ್ಪೇರ್ ಪಾರ್ಟ್ಸ್ ಅಂಗಡಿ. ಮಾತು ಕಮ್ಮಿ ಇರೋ ಮನುಷ್ಯ. ನನ್ನ ಮೋಟರ್ ತಗೊಂಡು, ಕಿವಿ ಹತ್ರ ಹಿಡಿದು ತಿರುಗಿಸಿ, "ಹ್ಞೂಂ" ಅಂದ್ರು. ಆಮೇಲೆ ಎರಡು ಹೊಸ ಮೋಟರ್ ಕೌಂಟರ್ ಮೇಲಿಟ್ಟು "ಯಾವುದು ಹೇಳಿ ನೋಡೋಣ" ಅಂತ ನನಗೇ ಪರೀಕ್ಷೆ. ಎರಡೂ 230 ವೋಲ್ಟ್, ಎರಡೂ ಒಂದೇ ಅಳತೆ, ಕಡ್ಡಿ ಉದ್ದನೂ ಒಂದೇ. ನಾನು ಒಂದನ್ನ ಮುಟ್ಟಿದೆ. ಅವರು ತಲೆ ಅಲ್ಲಾಡಿಸಿ ಲೇಬಲ್ ಮೇಲಿನ ಸಣ್ಣ ಬಾಣ ತೋರಿಸಿದ್ರು. ಒಂದು ಬಲಕ್ಕೆ ತಿರುಗೋದು, ಇನ್ನೊಂದು ಎಡಕ್ಕೆ. ಹಳೇ ರೆಕ್ಕೆಗೆ ಉಲ್ಟಾ ತಿರುಗೋ ಮೋಟರ್ ಹಾಕಿದ್ರೆ ಫ್ಯಾನ್ ತಿರುಗುತ್ತೆ, ಸದ್ದೂ ಇರಲ್ಲ, ಗಾಳಿ ಮಾತ್ರ ಹಿಂದಕ್ಕೆ. ಇಂಥ ಮೋಟರಲ್ಲಿ ವೈರ್ ಅದಲುಬದಲು ಮಾಡಿದ್ರೂ ದಿಕ್ಕು ಬದಲಾಗಲ್ಲ. ಇನ್ನೊಂದು ಮಾತೂ ಹೇಳಿದ್ರು: ಇನ್ವರ್ಟರ್ ಫ್ರಿಜ್‌ಗಳಲ್ಲಿ, ಅಂದ್ರೆ ಕಂಪ್ರೆಸರ್ ವೇಗ ಬೇಕಾದಂತೆ ಬದಲಾಗೋ ಫ್ರಿಜ್‌ಗಳಲ್ಲಿ, ಸಾಮಾನ್ಯವಾಗಿ ಮೂರೋ ನಾಲ್ಕೋ ವೈರಿನ ಡಿಸಿ ಮೋಟರ್ ಬರುತ್ತೆ, ಅದಕ್ಕೆ ಈ ಎರಡು ವೈರಿನ ಮೋಟರ್ ಹಾಕೋಕೆ ಹೋಗಬೇಡಿ. ಹಳೇದನ್ನ ಜೊತೆಗೆ ತಂದಿದ್ದಕ್ಕೆ ಬಚಾವಾದೆ. ಐನೂರು ರೂಪಾಯಿ ಒಳಗೆ ಮುಗೀತು.

ಜೋಡಿಸೋದು ಸುಲಭ ಅನ್ಕೊಂಡಿದ್ದೆ. ಹಳೇ ರಬ್ಬರ್ ಬುಶ್‌ಗಳನ್ನ ಹೊಸ ಮೋಟರಿಗೆ ಹಾಕಿ ಕೂರಿಸಿದೆ, ಆ ರಬ್ಬರ್ ಇಲ್ದಿದ್ರೆ ಇಡೀ ಫ್ರಿಜ್ ಗುಂಯ್ ಅನ್ನುತ್ತೆ. ರೆಕ್ಕೆನ ಕಡ್ಡಿಗೆ ಒತ್ತಿ ಹಾಕಿದೆ. ಜೋರಾಗೇ ಒತ್ತಿದೆ, ಬಿಗಿ ಇರಲಿ ಅಂತ. ಪ್ಯಾನೆಲ್ ಮುಚ್ಚೋ ಮುಂಚೆ ಒಂದ್ಸಲ ನೋಡೋಣ ಅಂತ ಪ್ಲಗ್ ಹಾಕಿದೆ. ಇಲ್ಲಿ 230 ವೋಲ್ಟ್ ಹರಿಯುತ್ತೆ, ಕೈ ಒದ್ದೆ ಇರಬಾರದು, ವೈರ್ ಹತ್ರನೂ ಹೋಗಬಾರದು. ಸ್ಟೆಬಿಲೈಸರ್ ತನ್ನ ನಿಮಿಷಗಳನ್ನ ಎಣಿಸಿ ಕರೆಂಟ್ ಬಿಟ್ಟಿತು. ಕಂಪ್ರೆಸರ್ ಶುರು. ಫ್ಯಾನ್ ಇಲ್ಲ.

ಈ ಭಾಗನ ನಾನು ಕಟ್ ಮಾಡಬಹುದಿತ್ತು. ಮಾಡಿಲ್ಲ. ಪೂರ್ತಿ ಐದು ನಿಮಿಷ ನನ್ನ ಮುಖ ನೋಡಿ. ಮೋಟರ್ ಸುಟ್ಟಿದ್ಯಾ, ವೈರ್ ಕಿತ್ತಿದ್ಯಾ, ಅಂಗಡಿಯವರು ಕೆಟ್ಟಿದ್ದು ಕೊಟ್ರಾ. ಹಿಂದಿನಿಂದ ಅಮ್ಮನ ದನಿ: "ಬಾಗಿಲು ತೆಗೆದಿದ್ಯಲ್ಲೇ."

ಹೌದು. ಬಾಗಿಲು ತೆಗೆದಿದೆ. ಬಿಳಿ ಗುಂಡಿ ಹೊರಗಿದೆ.

ಗುಂಡಿ ಒತ್ತಿದೆ. ರೆಕ್ಕೆ ತಿರುಗಿತು, ಜೊತೆಗೇ ಟಕಟಕಟಕ ಅಂತ ಹೊಸ ಸದ್ದು. ರೆಕ್ಕೆ ಜಾಸ್ತಿ ಒಳಗೆ ಹೋಗಿ ಹಿಂದಿನ ಚೌಕಟ್ಟಿಗೆ ತಾಗ್ತಿತ್ತು. ಪ್ಲಗ್ ಕಿತ್ತು, ಹಳೇ ಫೋಟೋದಲ್ಲಿ ಎಷ್ಟು ಹೊರಗಿತ್ತು ನೋಡಿ, ಒಂದೆರಡು ಮಿಲಿಮೀಟರ್ ಈಚೆ ಎಳೆದೆ. ಈ ಸಲ ಗಾಳಿ ಸದ್ದು ಮಾತ್ರ. ಕಾಯಿಲ್ ಕೆಳಗೆ ಕರಗಿದ ಐಸಿನ ನೀರು ಹೋಗೋ ತೂತಿಗೆ ಒಂದು ಲೋಟ ನೀರು ಹೊಯ್ದು, ಅದು ಹಿಂದೆ ಕಂಪ್ರೆಸರ್ ಮೇಲಿನ ತಟ್ಟೆಗೆ ಬೀಳುತ್ತೆ ಅಂತ ನೋಡಿ, ಮುಚ್ಚಿದೆ. ಹಿಮ ಮತ್ತೆ ವಾರದೊಳಗೆ ಗೋಡೆ ಥರ ಕಟ್ಟಿದ್ರೆ ತಪ್ಪು ಫ್ಯಾನಿಂದಲ್ಲ, ಐಸ್ ಕರಗಿಸೋ ಹೀಟರ್ ಕಡೆ ನೋಡಬೇಕು. ಇದನ್ನ ಹೇಳ್ತಿರೋದು ಹದಿನೈದು ದಿನ ಆದ್ಮೇಲೆ. ಕಟ್ಟಿಲ್ಲ.

ಮಾರನೇ ದಿನ ಬೆಳಿಗ್ಗೆ ಲೋಟದ ಥರ್ಮಾಮೀಟರ್, 5 ಡಿಗ್ರಿ. ಅಮ್ಮ ಅದನ್ನ ನೋಡ್ಲೇ ಇಲ್ಲ. ಹಿಟ್ಟಿನ ಪಾತ್ರೆ ಮುಚ್ಚಳ ತೆಗೆದು ನೋಡಿದ್ಲು, ರಾತ್ರಿ ಇಟ್ಟಷ್ಟೇ ಇತ್ತು, ಮುಚ್ಚಿದ್ಲು.

ಈ ಕೊನೇದು ಅವತ್ತು ರಾತ್ರಿದು, ಕತ್ತಲು, ಏನೂ ಕಾಣಲ್ಲ, ಬರೀ ಆಡಿಯೋ ಇದೆ. ಮಳೆ ನಿಂತಿತ್ತು. ದೀಪ ಆರಿಸಿ ಮಲಗಿ ಹತ್ತು ನಿಮಿಷ ಆಗಿಲ್ಲ, ಶುರುವಾಯ್ತು. ಕ್ರೀ... ಕ್ರೀ... ಕ್ರೀ...

ನಾನು ಉಸಿರಾಡದೆ ಮಲಗಿದ್ದೆ. ಅಮ್ಮ ಎದ್ದ ಸದ್ದು, ಚಪ್ಪಲಿ ಸದ್ದು. ಫ್ರಿಜ್ ಬಾಗಿಲು ತೆಗೆದ್ಲು. ಸ್ವಲ್ಪ ಹೊತ್ತು ಹಾಗೇ ನಿಂತ್ಲು.

ಸದ್ದು ನಿಲ್ಲಲಿಲ್ಲ.

"ಇದು ಹೊರಗಿಂದು" ಅಂತ ಬಾಗಿಲು ಹಾಕಿ, ಬಂದು ಮಲಗಿದ್ಲು.