ಖಾಲಿ ಜಾಗಕ್ಕೆ ಸೊನ್ನೆ ಬರೆಯಬೇಡಿ

ಕೇಳುಗರೇ, ನಮಸ್ಕಾರ. ರಾತ್ರಿ ಹೊತ್ತು ರೇಡಿಯೋ ತಿರುಗಿಸುತ್ತಾ ಕೂತರೆ, ಹಗಲಲ್ಲಿ ಸುಳಿವೇ ಇಲ್ಲದ ದೂರದ ಸ್ಟೇಷನ್ನುಗಳು ಸಿಗುತ್ತವೆ, ಅಲ್ವಾ? ಅದು ಅಯಾನುಗೋಳದ ಆಟ, ಅಂದರೆ ಸೂರ್ಯನ ಕಿರಣ ಬಿದ್ದು ಎಲೆಕ್ಟ್ರಾನುಗಳು ಬಿಡಿಯಾಗಿ ಓಡಾಡುವ, ತುಂಬಾ ಎತ್ತರದ ಗಾಳಿಯ ಪದರಗಳು. ಅದರ ಕೆಳಗಿನ ಪದರ ಹಗಲೆಲ್ಲ ಅಲೆಗಳನ್ನು ನುಂಗುತ್ತಿರುತ್ತದೆ. ಸೂರ್ಯ ಮುಳುಗಿದ ಮೇಲೆ ಆ ಪದರ ಕರಗುತ್ತದೆ, ಅಲೆಗಳು ಇನ್ನೂ ಮೇಲಕ್ಕೆ ಹೋಗಿ ಅಲ್ಲಿಂದ ವಾಪಸ್ ಬರುತ್ತವೆ.

ಇದನ್ನು ಅಳೆಯುವುದೂ ರೇಡಿಯೋದಿಂದಲೇ. ಅಯನೋಸೋಂಡ್ ಅನ್ನುವ ಯಂತ್ರ ನೆಟ್ಟಗೆ ಮೇಲಕ್ಕೆ ಅಲೆ ಬಿಡುತ್ತದೆ, ಆವರ್ತನ ಏರಿಸುತ್ತಾ ಹೋಗುತ್ತದೆ. ಯಾವ ಆವರ್ತನಕ್ಕೆ ಪ್ರತಿಧ್ವನಿ ನಿಂತಿತೋ ಅದರಿಂದ ಎಲೆಕ್ಟ್ರಾನು ಎಷ್ಟು ದಟ್ಟವಾಗಿದೆ ಅಂತ ಗೊತ್ತಾಗುತ್ತದೆ. ಇಂಗ್ಲೆಂಡಿನ ಸ್ಲೌ ಊರಲ್ಲಿ 1931ರಿಂದಲೇ ಈ ಅಳತೆ ಬರೆದಿಟ್ಟಿದ್ದಾರೆ.

ಹಳೇ ಕಾಲದಲ್ಲಿ ಇದು ಫಿಲ್ಮ್ ಮೇಲೆ ಬೀಳುತ್ತಿತ್ತು. ಯಾರೋ ಒಬ್ಬರು ಕೂತು ಒಂದೊಂದೇ ಚಿತ್ರ ಓದಿ ಗಂಟೆಗೊಂದು ಸಂಖ್ಯೆ ಬರೆಯಬೇಕಿತ್ತು. ಓದೋಕೆ ಆಗದಿದ್ದರೆ ಒಂದು ಅಕ್ಷರ. 'ಎ' ಅಂದರೆ ಕೆಳಗಿನ ತೆಳು ಪದರ ಅಡ್ಡ ಬಂದಿದೆ, 'ಬಿ' ಅಂದರೆ ಅಲೆ ಹೀರಿಹೋಗಿದೆ, 'ಸಿ' ಅಂದರೆ ಆಕಾಶದ್ದೇನೂ ತಪ್ಪಿಲ್ಲ, ಯಂತ್ರ ಕೆಟ್ಟಿತ್ತು ಅಥವಾ ಅಂಥದ್ದೇ ಬೇರೇನೋ.

ಈಗ ಆ ಹಾಳೆಗಳನ್ನು ಕಂಪ್ಯೂಟರಿಗೆ ಏರಿಸುವಾಗ ಯಾರೋ ಅವಸರದಲ್ಲಿ ಅಕ್ಷರ ಬಿಟ್ಟು, ಖಾಲಿ ಜಾಗಕ್ಕೆ ಸುಮ್ನೆ ಸೊನ್ನೆ ಹಾಕಿದರು ಅಂದುಕೊಳ್ಳಿ. ಆ ಗಂಟೆ ಅಯಾನುಗೋಳವೇ ಇರಲಿಲ್ಲ ಅಂತ ಆಯಿತು! ತಮಾಷೆ ಏನಂದರೆ, ಸೂರ್ಯನಲ್ಲಿ ದೊಡ್ಡ ಜ್ವಾಲೆ ಎದ್ದಾಗಲೇ ಅದರ ಎಕ್ಸ್-ಕಿರಣ ಕೆಳಪದರವನ್ನು ದಟ್ಟ ಮಾಡಿ ಪ್ರತಿಧ್ವನಿಯನ್ನು ಅಳಿಸಿಬಿಡುತ್ತದೆ. ನಮಗೆ ತುಂಬ ಬೇಕಾದ ಗಂಟೆಯಲ್ಲೇ ಸಂಖ್ಯೆ ಇರುವುದಿಲ್ಲ, ಆ 'ಬಿ' ಒಂದೇ ಸಾಕ್ಷಿ. ಸಮಯದ್ದೂ ಇದೇ ಗೋಳು. ಅದು ಸ್ಥಳೀಯ ಗಂಟೆಯೋ, ಜಾಗತಿಕ ಗಂಟೆಯೋ ಅಂತ ಬರೆಯದಿದ್ದರೆ ಮಧ್ಯಾಹ್ನದ ಅಳತೆ ಸಂಜೆಗೆ ಹೋಗಿ ಕೂರುತ್ತದೆ.

ಹಳೇದು ಯಾವಾಗ ಬೇಕಾಗುತ್ತದೆ ಅಂತ ಯಾರಿಗೂ ಮೊದಲೇ ಹೊಳೆಯುವುದಿಲ್ಲ. ಎರಡನೇ ಮಹಾಯುದ್ಧದ ಭಾರೀ ಬಾಂಬ್ ದಾಳಿಗಳು ಅಷ್ಟು ಎತ್ತರದ ಅಯಾನುಗೋಳವನ್ನೂ ಸ್ವಲ್ಪ ತೆಳುವಾಗಿಸಿದ್ದವು ಅಂತ 2018ರಲ್ಲಿ ತೋರಿಸಿದರು, ಸ್ಲೌನ ಅದೇ ಅಳತೆಗಳಿಂದ. ಮುಂಬೈನ ಕೊಲಾಬಾದಲ್ಲಿ 1859ರ ಮಹಾ ಸೌರ ಬಿರುಗಾಳಿಯ ಹೊತ್ತಿಗೆ ಬರೆದಿಟ್ಟ ಕಾಂತೀಯ ಅಳತೆಗಳನ್ನು ವಿಜ್ಞಾನಿಗಳು 2003ರಲ್ಲಿ ಮತ್ತೆ ತೆಗೆದು, ಅದು ಎಷ್ಟು ಜೋರಿತ್ತು ಅಂತ ಅಂದಾಜು ಮಾಡಿದರು.

ನಿಧಾನದ ಬದಲಾವಣೆ ಹಿಡಿಯೋದಂತೂ ಇನ್ನೂ ಕಷ್ಟ. ಇಂಗಾಲದ ಡೈಆಕ್ಸೈಡ್ ನೆಲದ ಹತ್ತಿರ ಬಿಸಿ ಹೆಚ್ಚಿಸಿದರೆ, ಅಲ್ಲಿ ಮೇಲೆ ತಂಪು ಮಾಡುತ್ತದೆ. ಹಾಗಾಗಿ ಅಯಾನುಗೋಳ ಮೆಲ್ಲಗೆ ಕೆಳಗಿಳಿಯಬೇಕು. ಆದರೆ ಸೂರ್ಯನ ಸುಮಾರು 11 ವರ್ಷದ ಏರಿಳಿತ ಇದಕ್ಕಿಂತ ಎಷ್ಟೋ ಜಾಸ್ತಿ. 1931ರಿಂದ ಇಲ್ಲಿವರೆಗೆ ಪೂರ್ತಿ ಮುಗಿದಿರುವುದು ಎಂಟೇ ಸುತ್ತು. ಅದರಲ್ಲಿ ಒಂದು ಸುತ್ತಿನ ದಾಖಲೆ ಕಳೆದರೂ ಲೆಕ್ಕ ತಪ್ಪುತ್ತದೆ.

ಹಲವು ದೇಶಗಳು ಸೇರಿ ಭೂಮಿಯನ್ನು ಅಳೆದ 1957-58ರ ಅಂತರರಾಷ್ಟ್ರೀಯ ಭೂಭೌತ ವರ್ಷದಲ್ಲಿ, ಶೀತಲ ಸಮರ ನಡೆಯುತ್ತಿದ್ದಾಗಲೇ, ಅಮೆರಿಕದಲ್ಲೂ ಸೋವಿಯತ್ ಒಕ್ಕೂಟದಲ್ಲೂ ವಿಶ್ವ ದತ್ತಾಂಶ ಕೇಂದ್ರ ತೆರೆದು ನಕಲುಗಳನ್ನು ಹಂಚಿಕೊಂಡರು. ಅಂಥ ಹೊತ್ತಲ್ಲೇ ಹಂಚಿಕೊಂಡ ಮೇಲೆ, ಈಗ ಬೀರುವಿನಲ್ಲಿ ಬೀಗ ಹಾಕಿಟ್ಟುಕೊಳ್ಳೋದಕ್ಕೆ ನೆಪ ಏನಿದೆ ಹೇಳಿ?

ನಿಮ್ಮ ಕೈಯಲ್ಲಿ ಅಂಥ ಹಳೇ ಫಿಲ್ಮ್ ಡಬ್ಬಿ ಇದ್ದರೆ, ಮೊದಲು ಮುಚ್ಚಳ ತೆಗೆದು ಮೂಸಿ ನೋಡಿ. ವಿನಿಗರ್ ಥರ ಹುಳಿ ವಾಸನೆ ಬಂದರೆ ಫಿಲ್ಮ್ ಕೊಳೆಯೋಕೆ ಶುರುವಾಗಿದೆ ಅಂತ. ಈ ವಾರವೇ ಸ್ಕ್ಯಾನ್ ಮಾಡಿಸಿ, ಜೊತೆಗಿರುವ ನೋಟ್‌ಬುಕ್ಕನ್ನೂ.